ಆ ಡಾಬು ನನ್ನ ಕೈಯಲ್ಲೂ ಇತ್ತು

ಕಳೆದ ಡಿಸೆಂಬರ್ ರಜೆಯಲ್ಲಿ ಒಂದು ಸಂಜೆ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ಅಡುಗೆ ಮನೆಗೆ ಬಂದಳು. "ಅಮ್ಮಿ, ನೀವು ಬಿಎಯಲ್ಲಿ ಒಥೆಲೋ ಓದಿದ್ದೀರಲ್ಲ, ನಮಗೂ ಈ ವರ್ಷ ಅದೇ ಇದೆ. ಲೆಕ್ಚರರ್ 'ಓಂಕಾರ' ಸಿನಿಮಾ ನೋಡಿ ಬರೆದುಕೊಂಡು ಬನ್ನಿ ಎಂದಿದ್ದಾರೆ. ಒಬ್ಬಳೇ ನೋಡಲು ಹೆದರಿಕೆ, ಜೊತೆಗೆ ಕುಳಿತುಕೊಳ್ಳಿ" ಎಂದಳು. ಅವಳ ಹೆದರಿಕೆ ಸಿನಿಮಾದಲ್ಲಿನ ಕೊಲೆಗಳದ್ದಲ್ಲ. ಅದರಲ್ಲಿನ ಬೈಗುಳಗಳು ಪಕ್ಕದ ಕೋಣೆಯಲ್ಲಿದ್ದ ಅವಳ ಅಬ್ಬಾನ ಕಿವಿಗೆ ಬಿದ್ದರೆ ಏನು ಗತಿ ಎಂಬುದು!

ನಮ್ಮ ಮನೆಯಲ್ಲಿ ಸಿನಿಮಾ ನೋಡುವ ರೂಢಿ ಕಡಿಮೆ. ನೋಡಬಹುದೇ, ಬಾರದೇ ಎಂಬ ಚರ್ಚೆಯನ್ನು ನಾನಿಲ್ಲಿ ಎತ್ತುವುದಿಲ್ಲ. ಪಾಠದ ವಿಷಯ ಎಂದು ಒಪ್ಪಿಕೊಂಡೆ. ಬಾಗಿಲು ಮುಂದೆ ಮಾಡಿ, ಸದ್ದು ತಗ್ಗಿಸಿ, ತಾಯಿ ಮಗಳಿಬ್ಬರೂ ಕುಳಿತೆವು. ಬೈಗುಳಗಳ ವಿಷಯದಲ್ಲಿ ಮಗಳ ಅಂದಾಜು ಸರಿಯಾಗಿಯೇ ಇತ್ತು. ಉತ್ತರ ಪ್ರದೇಶದ ಪಶ್ಚಿಮ ಭಾಗದ ಹಳ್ಳಿಗಾಡಿನ ಹಿಂದಿ ಅದು. ನಮ್ಮ ದಖ್ಖನಿ ಮಾತಿಗೆ ಪಳಗಿದ ಕಿವಿಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧ ತಿಳಿಯದಿದ್ದುದೇ ಒಳ್ಳೆಯದಾಯಿತು.

ಸಿನಿಮಾ ಮುಗಿದಾಗ ಮಗಳು ನೋಟ್ಸ್ ಬರೆದುಕೊಳ್ಳುತ್ತಿದ್ದಳು. ನಾನು ಎದ್ದು ಹೋಗಿ ವುಜೂ ಮಾಡಿಕೊಂಡು ಇಶಾ ನಮಾಜಿಗೆ ನಿಂತೆ. ಎಷ್ಟು ರಕಾತ್ ಆಯಿತೆಂದು ಎರಡು ಸಲ ಲೆಕ್ಕ ತಪ್ಪಿತು. ಏಕೆಂದು ಹೇಳುವ ಮೊದಲು ಕತೆ ಹೇಳಬೇಕು. ಎಲ್ಲ ಸಹೋದರಿಯರೂ ಅದನ್ನು ಓದಿರುವುದಿಲ್ಲ.

ಶೇಕ್ಸ್‌ಪಿಯರ್‌ನ ಈ ನಾಟಕ ಲಂಡನ್ನಿನ ಅರಮನೆಯಲ್ಲಿ ಪ್ರದರ್ಶನ ಕಂಡದ್ದು 1604ರಲ್ಲಿ. ಒಥೆಲೋ ಒಬ್ಬ ಮೂರ್, ಎಂದರೆ ಉತ್ತರ ಆಫ್ರಿಕಾದ ಕಡೆಯವನು, ಕಪ್ಪು ಮೈಬಣ್ಣದವನು. ವೆನಿಸ್ ರಾಜ್ಯದ ಸೇನಾಪತಿ. (ನಮ್ಮ ಕಾಲೇಜಿನಲ್ಲಿ ಮೇಷ್ಟ್ರು "ಒಥೆಲೋ ಮುಸ್ಲಿಮನೇ?" ಎಂದು ಕೇಳಿದಾಗ ಇಡೀ ತರಗತಿ ತಿರುಗಿ ನನ್ನನ್ನು ನೋಡಿತ್ತು, ಅವನು ನನ್ನ ಸಂಬಂಧಿಕನೋ ಎಂಬಂತೆ! ಅವನು ಕ್ರೈಸ್ತ ದೀಕ್ಷೆ ಪಡೆದವನೆಂಬ ಸೂಚನೆ ನಾಟಕದಲ್ಲೇ ಇದೆ.) ದೊಡ್ಡ ಮನೆತನದ ಡೆಸ್ಡಿಮೋನಾ ತಂದೆಗೆ ತಿಳಿಸದೆ ಅವನನ್ನು ಮದುವೆಯಾಗುತ್ತಾಳೆ. ಇಯಾಗೋ ಎಂಬ ಅಧೀನ ಅಧಿಕಾರಿಗೆ ತನಗೆ ಸಿಗಬೇಕಾದ ಬಡ್ತಿ ಕ್ಯಾಸಿಯೋಗೆ ಸಿಕ್ಕಿತೆಂದು ಹೊಟ್ಟೆಕಿಚ್ಚು. ಡೆಸ್ಡಿಮೋನಾಳಿಗೂ ಕ್ಯಾಸಿಯೋಗೂ ಸಂಬಂಧವಿದೆ ಎಂಬ ವಿಷವನ್ನು ಅವನು ಒಥೆಲೋನ ಕಿವಿಗೆ ಹನಿಹನಿಯಾಗಿ ಹಾಕುತ್ತಾನೆ. ಸಾಕ್ಷಿ ಎಂದರೆ ಒಂದು ಕರವಸ್ತ್ರ. ಒಥೆಲೋ ಹೆಂಡತಿಗೆ ಕೊಟ್ಟಿದ್ದ ಮೊದಲ ಕಾಣಿಕೆ ಅದು. ಅದು ಕ್ಯಾಸಿಯೋನ ಕೈಯಲ್ಲಿ ಕಾಣಿಸುವಂತೆ ಇಯಾಗೋ ಮಾಡುತ್ತಾನೆ. ಒಥೆಲೋ ಹೆಂಡತಿಯನ್ನು ಉಸಿರುಗಟ್ಟಿಸಿ ಕೊಲ್ಲುತ್ತಾನೆ, ಸತ್ಯ ತಿಳಿದ ಮೇಲೆ ತನ್ನನ್ನೂ ಕೊಂದುಕೊಳ್ಳುತ್ತಾನೆ.

ಈ ಕತೆ ಭಾರತದಲ್ಲಿ ಹಲವು ವೇಷ ಹಾಕಿದೆ. ಮೈಸೂರು ಅರಮನೆಯ ಕವಿ ಬಸವಪ್ಪ ಶಾಸ್ತ್ರಿಗಳು 19ನೇ ಶತಮಾನದಲ್ಲೇ ಇದನ್ನು 'ಶೂರಸೇನ ಚರಿತ್ರೆ' ಎಂಬ ಕನ್ನಡ ನಾಟಕ ಮಾಡಿದ್ದರು. 1997ರಲ್ಲಿ ಮಲಯಾಳಂನ 'ಕಳಿಯಾಟ್ಟಂ' ಇದೇ ಕತೆಯನ್ನು ತೆಯ್ಯಂ ಕಲಾವಿದರ ನಡುವೆ ಇಟ್ಟಿತು. ವಿಶಾಲ್ ಭಾರದ್ವಾಜ್ 'ಓಂಕಾರ' ತೆಗೆದದ್ದು 2006ರಲ್ಲಿ. ಅದಕ್ಕೆ ಮೊದಲು 2003ರಲ್ಲಿ 'ಮ್ಯಾಕ್‌ಬೆತ್' ಅನ್ನು 'ಮಕ್ಬೂಲ್' ಮಾಡಿದ್ದರು, ಆಮೇಲೆ 2014ರಲ್ಲಿ 'ಹ್ಯಾಮ್ಲೆಟ್' ಅನ್ನು 'ಹೈದರ್' ಮಾಡಿದರು.

'ಓಂಕಾರ'ದಲ್ಲಿ ವೆನಿಸ್ ಇಲ್ಲ, ಸೈನ್ಯವಿಲ್ಲ. ಉತ್ತರ ಪ್ರದೇಶದ ಒಬ್ಬ ರಾಜಕಾರಣಿ, ಅವನಿಗಾಗಿ ಬಂದೂಕು ಹಿಡಿದು ದುಡಿಯುವ ಒಂದು ಪಡೆ. ಆ ಪಡೆಯ ಮುಖ್ಯಸ್ಥ ಓಂಕಾರ. ಮೂಲದಲ್ಲಿ ಮೈಬಣ್ಣ ಇದ್ದ ಜಾಗದಲ್ಲಿ ಇಲ್ಲಿ ಜಾತಿ ಇದೆ. ಇವನ ತಂದೆ ಬ್ರಾಹ್ಮಣ, ತಾಯಿ ಕೆಳಜಾತಿಯವಳು. ಅವನನ್ನು ಎಲ್ಲರೂ ಹೆದರಿ ಗೌರವಿಸುತ್ತಾರೆ, ಬೆನ್ನ ಹಿಂದೆ ಅರೆ ಬ್ರಾಹ್ಮಣ ಎನ್ನುತ್ತಾರೆ. ವಕೀಲರ ಮಗಳು ಡಾಲಿ ತನಗೆ ಗೊತ್ತಾದ ಮದುವೆಯನ್ನು ಬಿಟ್ಟು ಇವನ ಮನೆ ಸೇರುತ್ತಾಳೆ. ಇಯಾಗೋ ಇಲ್ಲಿ ಲಂಗಡಾ ತ್ಯಾಗಿ, ಕುಂಟುತ್ತಾ ನಡೆಯುವವನು. ತನ್ನನ್ನು ಬಿಟ್ಟು ಕೇಸುವನ್ನು ಉತ್ತರಾಧಿಕಾರಿ ಮಾಡಿದ್ದಕ್ಕೆ ಅವನಿಗೆ ಸಿಟ್ಟು. ಕರವಸ್ತ್ರದ ಬದಲು ಇಲ್ಲಿ ಕಮರ್‌ಬಂದ್ ಇದೆ, ನಮ್ಮ ಕಡೆ ಡಾಬು ಎನ್ನುತ್ತೇವಲ್ಲ, ಅದು. ಓಂಕಾರನ ಮನೆತನದ ಒಡವೆ. ಇದು ಬಹಳ ಜಾಣ ಬದಲಾವಣೆ ಎಂದು ನನಗನ್ನಿಸಿತು. ಕರವಸ್ತ್ರ ಕಳೆದರೆ ನಮ್ಮ ಮನೆಗಳಲ್ಲಿ ಯಾರೂ ಹುಡುಕುವುದಿಲ್ಲ. ಅತ್ತೆ ಮನೆಯ ಡಾಬು ಕಳೆದರೆ ಸೊಸೆಯ ಪಾಡು ಏನೆಂದು ಯಾವ ಹೆಣ್ಣಿಗೂ ವಿವರಿಸಬೇಕಿಲ್ಲ.

ಬಿಎಯಲ್ಲಿ ಓದುವಾಗ ಇಯಾಗೋನನ್ನು ಬೈದು ಪರೀಕ್ಷೆ ಬರೆದು ಬಂದಿದ್ದೆ. ಅವನು ಖಳನಾಯಕ, ಆರು ಅಂಕ. ಈ ಸಲ ನೋಡುವಾಗ ಮನಸ್ಸಿಗೆ ತಟ್ಟಿದ್ದು ಬೇರೆಯೇ.

ಮೊದಲನೆಯದು ಡಾಲಿಯ ತಂದೆಯ ಮಾತು. ಮಗಳು ತನ್ನ ಇಚ್ಛೆಯಿಂದಲೇ ಬಂದಿದ್ದೇನೆ ಎಂದು ಎಲ್ಲರೆದುರು ಒಪ್ಪಿಕೊಂಡ ಮೇಲೆ ಆತ ಸೋತು ಹೋಗುವಾಗ ಓಂಕಾರನಿಗೆ ಒಂದು ಎಚ್ಚರಿಕೆ ಕೊಡುತ್ತಾನೆ. ಹೆತ್ತ ತಂದೆಯನ್ನೇ ವಂಚಿಸಿದವಳು ನಾಳೆ ನಿನಗೆ ನಿಷ್ಠಳಾಗಿರುತ್ತಾಳೆ ಎಂದು ನಂಬಬೇಡ ಎಂಬ ಅರ್ಥದ ಮಾತು. ಮೂಲ ನಾಟಕದಲ್ಲೂ ಡೆಸ್ಡಿಮೋನಾಳ ತಂದೆ ಹೇಳುವುದು ಇದನ್ನೇ. ಮುಂದೆ ಇಯಾಗೋ ಹೊಸ ವಿಷವನ್ನೇನೂ ಅರೆಯಬೇಕಾಗಿಲ್ಲ. ತಂದೆ ಬಿಟ್ಟು ಹೋದ ಮಾತನ್ನೇ ಎತ್ತಿಕೊಂಡು ಒಥೆಲೋಗೆ ನೆನಪಿಸುತ್ತಾನೆ, ಅಷ್ಟೆ. ಆ ಹೆಣ್ಣು ಮಾಡಿದ್ದೇನು? ಜೀವನದಲ್ಲಿ ಒಂದೇ ಒಂದು ಸಲ ತನ್ನ ಮನಸ್ಸಿನಂತೆ ನಡೆದಳು. ಯಾರಿಗಾಗಿ ಅದನ್ನು ಮಾಡಿದಳೋ ಅವನ ಎದುರಿಗೇ ಅದು ಅವಳ ವಿರುದ್ಧದ ಪುರಾವೆಯಾಯಿತು.

ಒಥೆಲೋ ಕಣ್ಣಾರೆ ಕಾಣುವ ಸಾಕ್ಷಿ ಕೊಡು ಎಂದು ಇಯಾಗೋನ ಕತ್ತು ಹಿಡಿದು ಕೇಳುತ್ತಾನೆ. ಕೊನೆಗೆ ಒಂದು ಬಟ್ಟೆಯ ತುಂಡಿಗೆ ತೃಪ್ತನಾಗುತ್ತಾನೆ. ಶೀಲವಂತ ಹೆಣ್ಣಿನ ಮೇಲೆ ಆರೋಪ ಹೊರಿಸುವವನು ನಾಲ್ಕು ಸಾಕ್ಷಿಗಳನ್ನು ತರಬೇಕು, ತಾರದಿದ್ದರೆ ಎಂಬತ್ತು ಛಡಿಯೇಟು ಎಂಬ ಸೂರಃ ಅನ್ನೂರ್‌ನ ಪಾಠವನ್ನು ನಾನು ಇಪ್ಪತ್ತು ವರ್ಷಗಳಿಂದ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದೇನೆ. ಕಲಿಸುವುದು ಸುಲಭ.

ಎರಡನೆಯದು ಆ ಡಾಬನ್ನು ಕದ್ದವಳು. ಇಯಾಗೋನ ಹೆಂಡತಿ ಎಮಿಲಿಯಾ, ಸಿನಿಮಾದಲ್ಲಿ ಇಂದು. ಕೊಂಕಣಾ ಸೇನ್ ಶರ್ಮಾ ಈ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟಿಯ ರಾಷ್ಟ್ರ ಪ್ರಶಸ್ತಿ ಪಡೆದರು. ಇಂದು ಓಂಕಾರನಿಗೆ ತಂಗಿಯಂತಿರುವವಳು, ಡಾಲಿಗೆ ಆ ಮನೆಯಲ್ಲಿದ್ದ ಒಬ್ಬಳೇ ಗೆಳತಿ. ಮದುವೆಗೆ ಮೊದಲು, ಎಳ್ಳಷ್ಟು ಸಂಶಯವಿದ್ದರೂ ಈ ಮದುವೆ ಬೇಡ ಎಂದು ಓಂಕಾರನಿಗೆ ಹೇಳುವ ಎದೆಗಾರಿಕೆ ಇದ್ದವಳೂ ಅವಳೇ. ಡಾಬು ಕದ್ದವಳೂ ಅವಳೇ. ಗಂಡ ಅದನ್ನು ಯಾವುದಕ್ಕೆ ಬಳಸುತ್ತಾನೆಂದು ಅವಳಿಗೆ ಗೊತ್ತಿಲ್ಲ.

ಶೇಕ್ಸ್‌ಪಿಯರ್ ಈ ಕತೆಯನ್ನು ಎತ್ತಿಕೊಂಡದ್ದು ಚಿಂಥಿಯೋ ಎಂಬ ಇಟಲಿಯ ಲೇಖಕನ 1565ರ ಕಥಾಸಂಗ್ರಹದಿಂದ. ಆ ಕತೆಯಲ್ಲಿ ಕರವಸ್ತ್ರ ಕದಿಯುವವನು ಸ್ವತಃ ಖಳನೇ. ತನ್ನ ಪುಟ್ಟ ಮಗಳನ್ನು ನಾಯಕಿಯ ಕೈಗೆ ಕೊಟ್ಟು, ಅವಳು ಮಗುವನ್ನು ಮುದ್ದಿಸುತ್ತಿರುವಾಗ ಎಳೆದುಕೊಳ್ಳುತ್ತಾನೆ. ಅವನ ಹೆಂಡತಿಗೆ ಗಂಡನ ಸಂಚೆಲ್ಲ ಗೊತ್ತಿರುತ್ತದೆ, ಗಂಡನ ಭಯದಿಂದ ಬಾಯಿ ಬಿಡುವುದಿಲ್ಲ. ಶೇಕ್ಸ್‌ಪಿಯರ್ ಇದನ್ನು ಬದಲಿಸಿದ. ಅವನ ಎಮಿಲಿಯಾಗೆ ಸಂಚು ಗೊತ್ತಿಲ್ಲ, ಆದರೆ ಬಿದ್ದ ಕರವಸ್ತ್ರವನ್ನು ಎತ್ತಿ ಗಂಡನಿಗೆ ಕೊಡುವವಳು ಅವಳೇ. ಅದಾದ ಮೇಲೆ ಒಂದು ಸಣ್ಣ ದೃಶ್ಯ ಬರುತ್ತದೆ. ಪರೀಕ್ಷೆಗೆ ಯಾರೂ ಓದದ ದೃಶ್ಯ. ಡೆಸ್ಡಿಮೋನಾ ಕರವಸ್ತ್ರ ಹುಡುಕುತ್ತಾ ಎಲ್ಲಿ ಹೋಯಿತೋ ಎಂದು ಎಮಿಲಿಯಾಳನ್ನು ಕೇಳುತ್ತಾಳೆ. ತನಗೆ ತಿಳಿಯದು ಎನ್ನುತ್ತಾಳೆ ಎಮಿಲಿಯಾ. ಇಡೀ ನಾಟಕದಲ್ಲಿ ಇಯಾಗೋ ಹೇಳುವ ನೂರು ಸುಳ್ಳುಗಳ ಮುಂದೆ ಇದೊಂದು ಸಾಸಿವೆ ಕಾಳು. ಆದರೆ ಅಲ್ಲಿ ಅವಳು ನಿಜ ಹೇಳಿದ್ದರೆ ನಾಟಕ ಅಲ್ಲಿಗೇ ಮುಗಿಯುತ್ತಿತ್ತು.

ಈಗ ನನ್ನ ಮಾತು. ಇದನ್ನು ಬರೆಯಲು ಸಂಬಂಧಪಟ್ಟವಳ ಒಪ್ಪಿಗೆ ಪಡೆದಿದ್ದೇನೆ. ಹೆಸರು ಬೇಡ ಎಂದಿದ್ದಾಳೆ.

ಅವಳು ನನ್ನ ವಿದ್ಯಾರ್ಥಿನಿ. ಮದರಸದಲ್ಲಿ ನನ್ನ ಬಳಿ ಕಲಿತವರಲ್ಲಿ ಅಷ್ಟು ಚುರುಕಾದವರು ಬೆರಳೆಣಿಕೆ. ಎಸ್ಸೆಸ್ಸೆಲ್ಸಿ ಮುಗಿದೊಡನೆ ಅವಳ ತಂದೆ ಓದು ಸಾಕು ಎಂದರು. ಮನೆಯಲ್ಲಿ ಹೊಲಿಗೆ ಕ್ಲಾಸಿಗೆಂದು ಹೇಳಿ ನನ್ನಲ್ಲಿಗೆ ಬರತೊಡಗಿದಳು. ಸುಳ್ಳೇನಲ್ಲ, ನಮ್ಮ ಜಗಲಿಯಲ್ಲಿ ಹೊಲಿಗೆ ಮೆಷಿನ್ ಇತ್ತು, ಅರ್ಧ ಗಂಟೆ ಅದನ್ನೂ ತುಳಿಯುತ್ತಿದ್ದಳು. ಉಳಿದ ಹೊತ್ತು ಇತಿಹಾಸ, ಇಂಗ್ಲಿಷ್. ಎಂಟು ತಿಂಗಳು ಹೀಗೆ ಓದಿ 2008ರಲ್ಲಿ ಖಾಸಗಿಯಾಗಿ ಪಿಯುಸಿ ಪರೀಕ್ಷೆ ಕಟ್ಟಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಅಂಕಪಟ್ಟಿ ನೋಡಿ ಅವಳ ಅಬ್ಬಾ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ತಾವೇ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ತಂದರು. ಆದರೂ ಸಿಟ್ಟು ಬಂದಾಗಲೆಲ್ಲ "ನಮ್ಮ ಕಣ್ಣಿಗೆ ಮಣ್ಣೆರಚಿದವಳು" ಎಂದು ಹೇಳುವುದನ್ನು ಬಿಡಲಿಲ್ಲ.

ಎರಡು ವರ್ಷದ ಬಳಿಕ ಅವಳಿಗೆ ಒಂದು ಸಂಬಂಧ ಕೂಡಿ ಬಂತು. ಹುಡುಗ ಸೌದಿಯಲ್ಲಿದ್ದ. ಹುಡುಗನ ಅಕ್ಕ ಮತ್ತು ಖಾಲಾ ವಿಚಾರಿಸಲು ನಮ್ಮ ಮನೆಗೂ ಬಂದರು. ಓದಿಸಿದ ಟೀಚರನ್ನು ಕೇಳುವುದು ರೂಢಿಯಲ್ಲವೇ? ನಾನು ಹೆಮ್ಮೆಯಿಂದ ಉಬ್ಬಿಹೋಗಿದ್ದೆ. "ಅವಳ ಬುದ್ಧಿವಂತಿಕೆಯನ್ನು ಏನು ಕೇಳುತ್ತೀರಿ! ಎಂಟು ತಿಂಗಳು ಮನೆಯವರಿಗೆ ಸುಳಿವೇ ಸಿಗದ ಹಾಗೆ ಓದಿ ಪಾಸಾದಳು" ಎಂದೆ. ಇಬ್ಬರೂ ನಕ್ಕರು. ಚಹಾ ಕುಡಿದು, ಸಂತೋಷದಿಂದಲೇ ಹೋದರು. ಮದುವೆಯೂ ಆಯಿತು.

ಹೊಗಳಿದೆನೆಂದೇ ನಾನು ತಿಳಿದಿದ್ದೆ. ಒಡವೆಯನ್ನು ನಾನೇ ಎತ್ತಿ ಕೊಟ್ಟಿದ್ದೆ.

ಗಂಡ ರಜೆ ಮುಗಿಸಿ ಸೌದಿಗೆ ಹೋದ. ಒಂದು ಹೆಣ್ಣು ಮಗುವಾಯಿತು. ಅವಳಿಗೆ ಡಿಗ್ರಿ ಮಾಡುವ ಆಸೆ ಒಳಗೇ ಇತ್ತು. 2012ರಲ್ಲಿ ದೂರಶಿಕ್ಷಣದ ಅರ್ಜಿಗೆ ಕೊನೆಯ ದಿನ ಹತ್ತಿರ ಬಂದಾಗ ನಾನೇ ಶಾಲೆಯ ಲ್ಯಾಂಡ್‌ಲೈನ್‌ನಿಂದ ಅವಳ ಮೊಬೈಲಿಗೆ ಫೋನ್ ಮಾಡಿದ್ದೆ. ಮುಕ್ಕಾಲು ಗಂಟೆ ಮಾತಾಡಿದೆವು. ಗಂಡನ ಬಳಿ ಹೇಗೆ ಕೇಳುವುದು, ಮಗುವನ್ನು ಯಾರು ನೋಡಿಕೊಳ್ಳುವುದು ಎಂದೆಲ್ಲ. ಅದೇ ಹೊತ್ತಿಗೆ ಸೌದಿಯಿಂದ ಗಂಡ ಮೇಲಿಂದ ಮೇಲೆ ಪ್ರಯತ್ನಿಸಿದ್ದಾನೆ, ಎಂಗೇಜ್ ಬಂದಿದೆ. ಯಾರ ಜೊತೆ ಮಾತು ಎಂದು ನಾದಿನಿ ಕೇಳಿದಾಗ ಇವಳು "ಆಪಾ ಜೊತೆ" ಎಂದಿದ್ದಾಳೆ. ಮೊಬೈಲಿನಲ್ಲಿ ನೋಡಿದರೆ ಹೆಸರಿಲ್ಲದ ನಂಬರ್. ಅದಕ್ಕೆ ತಿರುಗಿ ಫೋನ್ ಮಾಡಿದ್ದಾರೆ. ಎತ್ತಿದ್ದು ನಮ್ಮ ಶಾಲೆಯ ಜವಾನ. ಗಂಡಸಿನ ಸ್ವರ. "ಯಾರು ಬೇಕು?" ಎಂದು ಕೇಳಿದ ಕೂಡಲೇ ಆ ಕಡೆಯಿಂದ ಫೋನ್ ಇಟ್ಟಿದ್ದಾರೆ.

ಮರುದಿನ ನಾದಿನಿ ನನ್ನ ಮನೆಗೆ ಫೋನ್ ಮಾಡಿದಳು. "ನಿನ್ನೆ ಹನ್ನೊಂದು ಗಂಟೆಗೆ ನೀವು ಅವಳ ಜೊತೆ ಮಾತಾಡಿದ್ದು ಹೌದಾ?" ಎಂದು ನೇರವಾಗಿ ಕೇಳಿದಳು. ಸ್ವರದಲ್ಲಿ ಜಗಳವಿತ್ತು. ಒಂದು ಗಳಿಗೆಯಲ್ಲಿ ನನ್ನ ತಲೆಯಲ್ಲಿ ಎಷ್ಟೊಂದು ಲೆಕ್ಕಾಚಾರ ನಡೆಯಿತು! ಹೌದೆಂದರೆ ಏನು ಮಾತಾಡಿದಿರಿ ಎನ್ನುತ್ತಾರೆ. ಡಿಗ್ರಿ ವಿಷಯ ಹೊರಬೀಳುತ್ತದೆ. ಮದುವೆಯಾದ ಹೆಣ್ಣಿನ ತಲೆ ಕೆಡಿಸುವವಳು ಎಂಬ ಹೆಸರು ಬರುತ್ತದೆ. ನಾಳೆ ನನ್ನ ಬಳಿ ಯಾರು ಹೆಣ್ಣುಮಕ್ಕಳನ್ನು ಕಲಿಯಲು ಕಳಿಸುತ್ತಾರೆ? "ನೋಡಿ, ಯಾವಾಗಲೋ ಒಮ್ಮೆ ಮಾತಾಡಿದ್ದೇನೆ. ನಿನ್ನೆಯೋ ಮೊನ್ನೆಯೋ, ನನಗೆ ಸರಿಯಾಗಿ ನೆನಪಿಲ್ಲ" ಎಂದೆ.

ನೆನಪಿತ್ತು. ನಿಮಿಷ ನಿಮಿಷವೂ ನೆನಪಿತ್ತು.

ಅವಳು ಹೇಳಿದ್ದ ನಿಜವನ್ನು ನನ್ನ ಆ ಒಂದು ಮಾತು ಸುಳ್ಳು ಮಾಡಿತು. "ಎಂಟು ತಿಂಗಳು ಹೆತ್ತವರಿಗೇ ಸುಳಿವು ಕೊಡದವಳು" ಎಂಬ ಮಾತು ಆ ಮನೆಯಲ್ಲಿ ಮತ್ತೆ ಮತ್ತೆ ಬಂತಂತೆ. ಸೌದಿಗೂ ಹೋಯಿತಂತೆ. ಜಮಾಅತ್‌ನ ಹಿರಿಯರು ಎರಡು ಸಲ ಕುಳಿತರು. ನನ್ನನ್ನು ಯಾರೂ ಕರೆಯಲಿಲ್ಲ, ನಾನಾಗಿ ಹೋಗಲೂ ಇಲ್ಲ. ನಮ್ಮವರು "ಇತರರ ಸಂಸಾರದ ವಿಷಯ, ನೀನು ದೂರವಿರು" ಎಂದರು. ಅದು ನನಗೆ ಬೇಕಾಗಿದ್ದ ಮಾತೇ ಆಗಿತ್ತು. ಮರುವರ್ಷ ತಲಾಕ್ ಆಯಿತು. ಮಗುವನ್ನು ಎತ್ತಿಕೊಂಡು ಅವಳು ತವರಿಗೆ ಬಂದಳು. ಈಗ ಹೊಲಿಗೆಯಲ್ಲೇ ಜೀವನ. ನಾನು ಈದ್‌ಗೆ ಬಟ್ಟೆ ಕೊಟ್ಟು ಬರುತ್ತಿದ್ದೆ, ಹೊಲಿಗೆಯ ಹಣವನ್ನು ಕೇಳಿದ್ದಕ್ಕಿಂತ ಜಾಸ್ತಿ ಕೊಡುತ್ತಿದ್ದೆ. ಮನಸ್ಸಿನ ಲೆಕ್ಕ ತೀರಿಸಲು ನಾವು ಹುಡುಕುವ ಅಗ್ಗದ ದಾರಿಗಳು!

ಆ ಡಿಸೆಂಬರ್ ಸಂಜೆ ಇಂದುವನ್ನು ನೋಡುತ್ತಿದ್ದಾಗ ಇದೆಲ್ಲ ಮೇಲೆದ್ದು ಬಂತು. ಸಿನಿಮಾದ ಕೊನೆಯಲ್ಲಿ ಇಂದು ಆ ಕೋಣೆಗೆ ಬರುತ್ತಾಳೆ. ಡಾಲಿ ಸತ್ತು ಮಲಗಿದ್ದಾಳೆ. ಡಾಬು ಕದ್ದವಳು ತಾನೇ ಎಂದು ಇಂದು ಬಾಯಿ ಬಿಡುತ್ತಾಳೆ. ಓಂಕಾರನಿಗೆ ಎಲ್ಲ ಅರ್ಥವಾಗುತ್ತದೆ. ಶೇಕ್ಸ್‌ಪಿಯರ್‌ನ ಎಮಿಲಿಯಾ ಕೂಡ ಕೊನೆಗೆ ಸತ್ಯ ಹೇಳುತ್ತಾಳೆ, ಗಂಡ ಬಾಯಿ ಮುಚ್ಚು ಎಂದರೂ ಮುಚ್ಚುವುದಿಲ್ಲ, ಅದಕ್ಕಾಗಿ ಅವನ ಕೈಯಿಂದಲೇ ಇರಿತಕ್ಕೆ ಬಲಿಯಾಗುತ್ತಾಳೆ. ಇಯಾಗೋ ಬದುಕುಳಿಯುತ್ತಾನೆ. ಭಾರದ್ವಾಜ್ ಇದನ್ನು ತಿರುಗಿಸಿದ್ದಾರೆ. ಇಲ್ಲಿ ಇಂದು ತನ್ನ ಗಂಡನ ಕತ್ತು ಸೀಳುತ್ತಾಳೆ. ಮಗಳಿಗೆ ಈ ಬದಲಾವಣೆ ಬಹಳ ಹಿಡಿಸಿತು, ಅದರ ಬಗ್ಗೆಯೇ ಎರಡು ಪುಟ ಬರೆದಳು. ನನಗೆ ಅಷ್ಟಾಗಿ ಹಿಡಿಸಲಿಲ್ಲ. ಗಂಡನನ್ನು ಕೊಂದರೆ ನೋಡುವವರ ಸಿಟ್ಟು ತಣಿಯುತ್ತದೆ, ಡಾಬು ಕದ್ದ ಕೈಯ ಲೆಕ್ಕ ಹಾಗೇ ಉಳಿಯುತ್ತದೆ. ಮೂಲದ ಎಮಿಲಿಯಾ ಯಾರನ್ನೂ ಕೊಲ್ಲುವುದಿಲ್ಲ. ತನ್ನ ಪಾಲಿನದನ್ನೂ ಸೇರಿಸಿ ನಿಜ ಹೇಳುತ್ತಾಳೆ, ಅಷ್ಟೆ. ನನಗೆ ಅದೇ ಹೆಚ್ಚು ಕಷ್ಟದ್ದೆಂದು ಕಂಡಿತು. ಇಬ್ಬರೂ ತಡ ಮಾಡಿದರು, ಬಾಯಿ ಬಿಡುವಾಗ ಕೇಳಬೇಕಾದವಳು ಬದುಕಿರಲಿಲ್ಲ. ನನ್ನ ವಿದ್ಯಾರ್ಥಿನಿ ಅಲ್ಲಾಹನ ಕೃಪೆಯಿಂದ ಎರಡು ಬೀದಿ ಆಚೆ ಬದುಕಿದ್ದಳು.

ಮರುದಿನ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಹತ್ತು ದಿನಗಳಾದ ಮೇಲೆ ಒಂದು ಮಧ್ಯಾಹ್ನ ಹೋದೆ. ಜಗಲಿಯಲ್ಲಿ ಯಾರದೋ ಮದುವೆಯ ಬ್ಲೌಸಿಗೆ ಕೈಹೊಲಿಗೆ ಹಾಕುತ್ತಾ ಕುಳಿತಿದ್ದಳು. "ಬನ್ನಿ ಆಪಾ" ಎಂದು ಕುರ್ಚಿ ಸರಿಸಿದಳು. ನಾನು ಕುರ್ಚಿಯಲ್ಲಿ ಕೂರದೆ ಚಾಪೆಯ ಮೇಲೆ ಅವಳ ಎದುರು ಕುಳಿತೆ. ಎರಡನ್ನೂ ಹೇಳಿದೆ. ಅವತ್ತು ಹೊಗಳಿ ಹೇಳಿದ್ದು, ಆಮೇಲೆ ನೆನಪಿಲ್ಲ ಎಂದದ್ದು. ಸಿನಿಮಾದ ವಿಷಯ ಎತ್ತಲಿಲ್ಲ. ಮಾಫಿ ಕೇಳಲು ಬಾಯಿ ತೆರೆದಾಗ ಸ್ವರ ಹೊರಡಲಿಲ್ಲ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಇದನ್ನು ಅಬ್ಬಾನ ಎದುರು ಹೇಳುತ್ತೀರಾ ಆಪಾ? ಅವರು ಬಾಯಲ್ಲಿ ಏನೂ ಹೇಳುವುದಿಲ್ಲ. ಆದರೆ ಇವತ್ತಿಗೂ ಅವರ ಮನಸ್ಸಿನಲ್ಲಿ ಅರ್ಧ ಸಂಶಯ ಇದೆ. ನನಗೆ ಗೊತ್ತು. ಈಗ ನನ್ನ ಮಗಳು ಕ್ಲಾಸಿಗೆ ಹೋಗಿ ಬರುವುದು ಹತ್ತು ನಿಮಿಷ ತಡವಾದರೂ ಬಾಗಿಲಲ್ಲಿ ನಿಂತಿರುತ್ತಾರೆ."

ನಾನು ಎದ್ದೆ. ಅವಳೂ ಎದ್ದಳು. ಒಳಕೋಣೆಯ ಮಂಚದ ಮೇಲೆ ಅವಳ ಅಬ್ಬಾ ದಿಂಬಿಗೆ ಒರಗಿ ರೇಡಿಯೋ ಕೇಳುತ್ತಿದ್ದರು. ಗೋಡೆಯಲ್ಲಿ ಲ್ಯಾಮಿನೇಷನ್ ಮಾಡಿಸಿದ ಆ ಅಂಕಪಟ್ಟಿ ಇನ್ನೂ ಇತ್ತು, ಮೂಲೆಗಳು ಹಳದಿಗಟ್ಟಿದ್ದವು. ನಾನು ಸಲಾಂ ಹೇಳಿ, ಅವಳ ಬಗ್ಗೆ ಒಂದು ಮಾತು ಹೇಳುವುದಿದೆ, ಹನ್ನೆರಡು ವರ್ಷ ತಡವಾಗಿದೆ ಎಂದೆ.

ಅವರು ಕೈ ಚಾಚಿ ರೇಡಿಯೋದ ಸದ್ದು ತಗ್ಗಿಸಿದರು.